ಗದ್ದಲದ ಅಡಿಯಲ್ಲಿ ಬರುವ ಜಿಪಿಎಸ್ ಸಂಕೇತ

ಮಾನ್ಯ ಸಂಪಾದಕರೇ,

‘ಉಪಗ್ರಹದ ಮೂಲಕ ವಾಹನ ಪತ್ತೆ’, ‘ಮೊಬೈಲನ್ನು ಗುರುತಿಸಿದ ಜಿಪಿಎಸ್ ಉಪಗ್ರಹ’ ಎಂಬಂಥ ಸಾಲುಗಳು ಸುದ್ದಿಗಳಲ್ಲಿ ಆಗಾಗ ಕಾಣಿಸುತ್ತವೆ. ಓದಿದವರಿಗೆ, ಮೇಲಿನ ಉಪಗ್ರಹ ಕೆಳಗಿನ ಪ್ರತಿ ಫೋನಿನ ಮೇಲೂ ಕಣ್ಣಿಟ್ಟಿದೆ ಎನಿಸುತ್ತದೆ. ನಡೆಯುವುದು ಹಾಗಲ್ಲ. ಪಥದರ್ಶಕ ಉಪಗ್ರಹ ಬಾನುಲಿ ಕೇಂದ್ರದಂತೆ ಒಂದೇ ಸಮನೆ ಪ್ರಸಾರ ಮಾಡುತ್ತಿರುತ್ತದೆ. ಫೋನಿನೊಳಗಿನ ರಿಸೀವರ್ ಅದನ್ನು ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಕಳುಹಿಸುವುದಿಲ್ಲ. ಎಷ್ಟು ಮಂದಿ ಕೇಳುತ್ತಿದ್ದಾರೆಂಬುದು ಉಪಗ್ರಹಕ್ಕೆ ತಿಳಿಯುವ ದಾರಿಯೇ ಇಲ್ಲ. ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದ ಉಪಗ್ರಹಗಳ ದೂರ ಅಳೆದು ಸ್ಥಾನ ಕಂಡುಕೊಳ್ಳುವ ಲೆಕ್ಕ ಪೂರ್ತಿಯಾಗಿ ನಡೆಯುವುದು ಕೈಯಲ್ಲಿರುವ ಉಪಕರಣದಲ್ಲಿ, ಅದಕ್ಕೆ ಇಂಟರ್‌ನೆಟ್ ಕೂಡ ಕಡ್ಡಾಯವಲ್ಲ. ವಾಹನದ ಸ್ಥಾನ ನಿಯಂತ್ರಣ ಕೊಠಡಿಗೆ ತಲುಪುವುದು ಟ್ರ್ಯಾಕರ್‌ನಲ್ಲಿರುವ ಸಿಮ್ ಕಾರ್ಡಿನಿಂದ, ಮೊಬೈಲ್ ಟವರಿನ ಮೂಲಕ. ಇದು ಸಣ್ಣ ತಪ್ಪಿನಂತೆ ಕಂಡರೂ, ಇಲ್ಲಿ ಎಡವಿದರೆ ಜಿಪಿಎಸ್ ಯಾವಾಗ ಕೈಕೊಡುತ್ತದೆ, ಏಕೆ ಕೈಕೊಡುತ್ತದೆ ಎಂಬುದು ಕೊನೆಯವರೆಗೂ ಅರ್ಥವಾಗುವುದಿಲ್ಲ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

ಉಪಗ್ರಹದಲ್ಲಿ ಎಲ್ಲವೂ ಹುಟ್ಟುವುದು ಒಂದು ಪರಮಾಣು ಗಡಿಯಾರದಿಂದ. ಅದರ ಮೂಲ ಆವರ್ತನ 10.23 ಮೆಗಾಹರ್ಟ್ಸ್. ಇದನ್ನು 154ರಿಂದ ಗುಣಿಸಿದರೆ 1575.42 ಮೆಗಾಹರ್ಟ್ಸ್, ಅಂದರೆ ಎಲ್1. 120ರಿಂದ ಗುಣಿಸಿದರೆ 1227.60, ಎಲ್2, 115ರಿಂದ ಗುಣಿಸಿದರೆ 1176.45, ಎಲ್5. ಬಹುಪಾಲು ಫೋನುಗಳು ಕೇಳುವುದು ಎಲ್1ನಲ್ಲಿರುವ ಸಿ/ಎ ಎಂಬ ಸಾರ್ವಜನಿಕ ಕೋಡನ್ನು. ಅದರಲ್ಲಿ ಮೂರು ಪದರಗಳಿವೆ. ಅಡಿಯಲ್ಲಿ ಎಲ್ಲವನ್ನೂ ಹೊತ್ತೊಯ್ಯುವ ವಾಹಕ ತರಂಗ, ಅದರ ಮೇಲೆ ಸೆಕೆಂಡಿಗೆ 10.23 ಲಕ್ಷ ಸಲ ಬದಲಾಗಬಲ್ಲ, 0 ಮತ್ತು 1ರ ಸಾಲಾದ ಕೋಡು, ಅದರ ಮೇಲೆ ಸೆಕೆಂಡಿಗೆ ಬರೀ 50 ಬಿಟ್‌ಗಳಂತೆ ತೆವಳುವ ಮಾಹಿತಿ. ಕೋಡಿನ ಒಂದೊಂದು ಅಂಶಕ್ಕೂ ಚಿಪ್ ಎನ್ನುತ್ತಾರೆ. ಒಂದು ಚಿಪ್‌ನಲ್ಲಿ ವಾಹಕ ತರಂಗದ ಸರಿಯಾಗಿ 1540 ಆವರ್ತಗಳಿರುತ್ತವೆ. 1023 ಚಿಪ್‌ಗಳು ಮುಗಿದರೆ ಒಂದು ಮಿಲಿಸೆಕೆಂಡ್, ಮತ್ತೆ ಮೊದಲಿನಿಂದ ಅದೇ ಕೋಡು. ಮಾಹಿತಿಯ ಒಂದು ಬಿಟ್ ಮುಗಿಯುವಷ್ಟರಲ್ಲಿ ಕೋಡು 20 ಸಲ ಮರುಕಳಿಸಿರುತ್ತದೆ.

ಎಲ್ಲ ಜಿಪಿಎಸ್ ಉಪಗ್ರಹಗಳೂ ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿಗೆ ಪ್ರಸಾರ ಮಾಡುತ್ತವೆ. ಬೇರ್ಪಡಿಸಿ ಗುರುತಿಸಲು ಇರುವ ಆಧಾರ ಕೋಡು ಮಾತ್ರ. (ರಷ್ಯಾದ ಪಥದರ್ಶಕ ವ್ಯವಸ್ಥೆ ಗ್ಲೊನಾಸ್ ಬೇರೆ ದಾರಿ ಹಿಡಿಯಿತು: ಅದರ ಹಳೆಯ ಸಂಕೇತಗಳಲ್ಲಿ ಕೋಡು ಎಲ್ಲಕ್ಕೂ ಒಂದೇ, ಆವರ್ತನಗಳು ಬೇರೆ.) ಈ ಕೋಡುಗಳನ್ನು ಗೋಲ್ಡ್ ಕೋಡುಗಳು ಎನ್ನುತ್ತಾರೆ, 1967ರಲ್ಲಿ ಇವುಗಳನ್ನು ವಿವರಿಸಿದವರು ರಾಬರ್ಟ್ ಗೋಲ್ಡ್. ತಯಾರಿಸುವ ವಿಧಾನ ಎಷ್ಟು ಸರಳವೆಂದರೆ, ಕಾಗದ ಮತ್ತು ಪೆನ್ಸಿಲಿನಲ್ಲೇ ಮಾಡಿ ನೋಡಬಹುದು.

ಹತ್ತು ಹತ್ತು ಮನೆಗಳ ಎರಡು ಶಿಫ್ಟ್ ರಿಜಿಸ್ಟರ್‌ಗಳನ್ನು ಬರೆದುಕೊಳ್ಳಿ, ಎಲ್ಲ ಮನೆಗಳಲ್ಲೂ 1 ತುಂಬಿ. ಮೊದಲನೆಯದರಲ್ಲಿ 3 ಮತ್ತು 10ನೇ ಮನೆಗಳನ್ನು ಕೂಡಿಸಿ; ಇಲ್ಲಿ ಕೂಡಿಸುವುದೆಂದರೆ 1ಗಳ ಸಂಖ್ಯೆ ಸಮವಾದರೆ 0, ಬೆಸವಾದರೆ 1. ಬಂದ ಉತ್ತರವನ್ನು ಮೊದಲ ಮನೆಗೆ ತಳ್ಳಿ, ಉಳಿದದ್ದೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿಯುತ್ತದೆ. ಎರಡನೆಯ ರಿಜಿಸ್ಟರ್‌ನಲ್ಲಿ 2, 3, 6, 8, 9, 10ನೇ ಮನೆಗಳನ್ನು ಕೂಡಿಸಿ ಹಾಗೆಯೇ ತಳ್ಳಿ. ಪ್ರತಿ ಸಲ ಸರಿಸುವ ಮುನ್ನ, ಮೊದಲ ರಿಜಿಸ್ಟರ್‌ನ 10ನೇ ಮನೆಯನ್ನೂ ಎರಡನೆಯದರ ಆಯ್ದ ಎರಡು ಮನೆಗಳನ್ನೂ ಕೂಡಿಸಿದರೆ ಸಿಗುವುದೇ ಒಂದು ಚಿಪ್. ಆ ಎರಡು ಮನೆಗಳು ಯಾವುವು ಎಂಬುದೇ ಕೋಡಿನ ಗುರುತು. 1ನೇ ಸಂಖ್ಯೆಯ ಕೋಡಿಗೆ 2 ಮತ್ತು 6. ಹಾಗೆ ಮಾಡಿದರೆ ಮೊದಲ ಹತ್ತು ಚಿಪ್‌ಗಳು 1100100000 ಎಂದು ಬರಬೇಕು. ಬರದಿದ್ದರೆ, ಸಾಮಾನ್ಯವಾಗಿ ಚಿಪ್ ಓದುವ ಮೊದಲೇ ಮನೆಗಳನ್ನು ಸರಿಸಿರುತ್ತೀರಿ. ಪ್ರೌಢಶಾಲೆಯ ಮಕ್ಕಳಿಗೂ ಮಾಡಿಸಬಹುದಾದ ಕೆಲಸ ಇದು, ಮಾಡಿಸಲೇಬೇಕು ಎಂದು ನಮ್ಮ ಅಭಿಪ್ರಾಯ.

ಇಂಥ ಕೋಡಿನ ಗುಣವೇನು? ಅದನ್ನು ಅದರದೇ ಪ್ರತಿಯೊಂದಿಗೆ ಸರಿಯಾಗಿ ಹೊಂದಿಸಿ, 0 ಮತ್ತು 1ರ ಬದಲು +1, −1 ಎಂದಿಟ್ಟು, ಚಿಪ್‌ಗೆ ಚಿಪ್ ಗುಣಿಸಿ ಕೂಡಿಸಿದರೆ ಮೊತ್ತ 1023. ಒಂದೇ ಒಂದು ಚಿಪ್ ಆಚೀಚೆ ಸರಿದರೂ ಮೊತ್ತ −1, 63 ಅಥವಾ −65ಕ್ಕೆ ಕುಸಿಯುತ್ತದೆ. ಬೇರೆ ಉಪಗ್ರಹದ ಕೋಡಿನೊಂದಿಗೆ ತಾಳೆ ನೋಡಿದರೂ ಇದೇ ಮೂರು ಸಂಖ್ಯೆಗಳಲ್ಲೊಂದು. ರಿಸೀವರ್ ನಿಂತಿರುವುದು ಈ ಒಂದು ಗುಣದ ಮೇಲೆ.

ಈಗ ಶಕ್ತಿಯ ಲೆಕ್ಕಕ್ಕೆ ಬರೋಣ. ಸಂಕೇತ 20,200 ಕಿಲೋಮೀಟರ್ ಎತ್ತರದಿಂದ ಬರುತ್ತದೆ. ನೆಲದ ಮೇಲಿನ ಆಂಟೆನಾಗೆ ಸಿಗುತ್ತದೆಂದು ಜಿಪಿಎಸ್‌ನ ಅಧಿಕೃತ ವಿವರಪತ್ರ ಭರವಸೆ ಕೊಡುವ ಕನಿಷ್ಠ ಶಕ್ತಿ ಮೈನಸ್ 128.5 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್; ಪ್ರತಿ 10 ಡೆಸಿಬೆಲ್‌ಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ). ಒಂದು ವಾಟನ್ನು 70 ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳಿ. ಸಂಕೇತ ಹರಡಿಕೊಂಡಿರುವ ಸುಮಾರು 2 ಮೆಗಾಹರ್ಟ್ಸ್ ಅಗಲದೊಳಗೆ ಬರೀ ಶಾಖದಿಂದ ಹುಟ್ಟುವ ಗದ್ದಲವೇ ಸುಮಾರು ಮೈನಸ್ 111 ಡಿಬಿಎಂ ಇರುತ್ತದೆ. ಅಂದರೆ ಗದ್ದಲ ಸಂಕೇತಕ್ಕಿಂತ 50 ಪಟ್ಟಿಗೂ ಹೆಚ್ಚು. ಆಂಟೆನಾಗೆ ಸ್ಪೆಕ್ಟ್ರಂ ಅನಲೈಜರ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಯಂತ್ರ) ಜೋಡಿಸಿ ನೋಡಿದರೂ ಜಿಪಿಎಸ್ ಇದೆ ಎಂಬುದಕ್ಕೆ ಸುಳಿವೇ ಕಾಣುವುದಿಲ್ಲ.

ಹಾಗಾದರೆ ಹೊರತೆಗೆಯುವುದು ಹೇಗೆ? ರಿಸೀವರ್ ತನ್ನೊಳಗೆ ಅದೇ ಕೋಡಿನ ಪ್ರತಿಯನ್ನು ತಯಾರಿಸಿ, ಬಂದ ಗದ್ದಲದೊಂದಿಗೆ ಗುಣಿಸಿ ಕೂಡಿಸುತ್ತ ಹೋಗುತ್ತದೆ. ಹೊಂದಾಣಿಕೆ ಸರಿಯಿದ್ದರೆ ಸಂಕೇತದ 1023 ಚಿಪ್‌ಗಳೂ ಒಂದೇ ದಿಕ್ಕಿನಲ್ಲಿ ಸೇರುತ್ತವೆ. ಗದ್ದಲ ಒಮ್ಮೆ ಕೂಡುತ್ತ ಒಮ್ಮೆ ಕಳೆಯುತ್ತ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಬೆಳೆಯುತ್ತದೆ. ಹೀಗೆ ಒಂದೇ ಮಿಲಿಸೆಕೆಂಡ್ ಕೂಡಿಸಿದರೆ ಶಕ್ತಿಯ ಅನುಪಾತ ಸುಮಾರು ಸಾವಿರ ಪಟ್ಟು ಸುಧಾರಿಸುತ್ತದೆ. ಗದ್ದಲದಲ್ಲಿ ಹೂತಿದ್ದ ಸಂಕೇತ ಗದ್ದಲಕ್ಕಿಂತ ಇಪ್ಪತ್ತು ಪಟ್ಟು ಮೇಲೆದ್ದು ನಿಲ್ಲುತ್ತದೆ. ಮನೆಯೊಳಗೆ ಸಂಕೇತ ಇನ್ನೂ ನೂರು ಪಟ್ಟು ಕುಗ್ಗಿದರೆ ಅದಕ್ಕೆ ತಕ್ಕಂತೆ ಹೆಚ್ಚು ಹೊತ್ತು ಕೂಡಿಸಬೇಕು. ಆದರೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಮಾಹಿತಿಯ ಬಿಟ್ ಬದಲಾಗಿ ಚಿಹ್ನೆ ತಿರುಗಿದರೆ, ಅಲ್ಲಿಯವರೆಗೆ ಕೂಡಿಸಿದ್ದು ಕಳೆದುಹೋಗುತ್ತದೆ. ಸಿ/ಎ ಸಂಕೇತದ ದೊಡ್ಡ ಮಿತಿ ಇದು. ಎಲ್5ನಂಥ ಹೊಸ ಸಂಕೇತಗಳಲ್ಲಿ ಮಾಹಿತಿಯೇ ಇಲ್ಲದ ಪೈಲಟ್ ವಾಹಿನಿಯೊಂದನ್ನು ಜೊತೆಗೆ ಕಳುಹಿಸುವುದು ಈ ತೊಡಕು ನೀಗಲೆಂದೇ. ಮನೆಯೊಳಗೆ ಇನ್ನೊಂದು ಅಪಾಯವೂ ಇದೆ. ಕಿಟಕಿಯಿಂದ ಬರುವ ಒಂದು ಪ್ರಬಲ ಉಪಗ್ರಹದ 65ರ ಸುಳ್ಳು ತಾಳೆ, ಛಾವಣಿ ಹಾಯ್ದು ಬರುವ ಕ್ಷೀಣ ಉಪಗ್ರಹದ ನಿಜವಾದ ತಾಳೆಯನ್ನು ಮೀರಿಸಬಹುದು. ಎರಡರ ನಡುವೆ ಇಪ್ಪತ್ತು ಡೆಸಿಬೆಲ್‌ಗಿಂತ ಹೆಚ್ಚು ಅಂತರವಿದ್ದಾಗ ರಿಸೀವರ್ ಮೋಸಹೋಗುವುದು ಇಲ್ಲಿಯೇ.

ಯಂತ್ರದ ಭಾಗಗಳಲ್ಲಿ ಹೆಚ್ಚು ಗಮನ ಬೇಕಾದದ್ದು ಆಂಟೆನಾ ಮತ್ತು ಅದರ ಪಕ್ಕದ ಮೊದಲ ಆಂಪ್ಲಿಫೈಯರ್. ಗದ್ದಲದ ಮಟ್ಟವನ್ನು ನಿರ್ಧರಿಸುವುದು ಮೊದಲ ಘಟ್ಟವೇ. ಆಂಪ್ಲಿಫೈಯರ್‌ಗೆ ಮುಂಚೆ ಉದ್ದನೆಯ ಕೇಬಲ್ ಹಾಕಿ 3 ಡೆಸಿಬೆಲ್ ಕಳೆದರೆ, ಮುಂದೆ ಎಷ್ಟು ವರ್ಧಿಸಿದರೂ ಅದು ಮರಳಿ ಬರುವುದಿಲ್ಲ. ಆದ್ದರಿಂದಲೇ ವಾಹನಗಳ ಆಂಟೆನಾದೊಳಗೇ ಆಂಪ್ಲಿಫೈಯರ್ ಕೂತಿರುತ್ತದೆ, ಅದಕ್ಕೆ 3ರಿಂದ 5 ವೋಲ್ಟ್ ವಿದ್ಯುತ್ ಅದೇ ಕೇಬಲಿನಲ್ಲಿ ಹೋಗುತ್ತದೆ. ನಡುವೆ ನೇರ ವಿದ್ಯುತ್ತನ್ನು ತಡೆಯುವ ಸ್ಪ್ಲಿಟರ್ ಜೋಡಿಸಿದರೆ ಆಂಟೆನಾ ಸತ್ತಂತೆ. ಎಲ್ಲ ಸರಿಯಿದ್ದೂ ಒಂದು ಉಪಗ್ರಹವೂ ಸಿಗದಿದ್ದರೆ ಮೊದಲು ಮಲ್ಟಿಮೀಟರ್ ಹಿಡಿದು ಆಂಟೆನಾ ತುದಿಯಲ್ಲಿ ಈ ವೋಲ್ಟೇಜ್ ಇದೆಯೇ ಎಂದು ನೋಡಬೇಕು. ಸಿರಾಮಿಕ್ ಪ್ಯಾಚ್ ಆಂಟೆನಾದ ಕೆಳಗೆ ಲೋಹದ ತಳವಿರಬೇಕು. ಮೇಲೆ ಪ್ಲಾಸ್ಟಿಕ್ ಮುಚ್ಚಳ ತೀರಾ ಒತ್ತಿಕೊಂಡಿದ್ದರೆ ಅದರ ಆವರ್ತನ ಕೆಳಗೆ ಸರಿಯುತ್ತದೆ. ಪಕ್ಕದಲ್ಲಿ ಸ್ವಿಚಿಂಗ್ ಪವರ್ ಸಪ್ಲೈ ಇದ್ದರೆ ಅದರ ಗದ್ದಲವೂ ಒಳಗೆ ನುಗ್ಗುತ್ತದೆ.

ಅಲ್ಲಿಂದ ಮುಂದೆ ಫಿಲ್ಟರ್, ಆವರ್ತನ ಇಳಿಸುವ ಮಿಕ್ಸರ್, ನಂತರ ಡಿಜಿಟಲ್‌ಗೆ ಪರಿವರ್ತನೆ. ಅಚ್ಚರಿಯ ವಿಷಯವೆಂದರೆ ಈ ಪರಿವರ್ತನೆಗೆ ಒಂದು ಅಥವಾ ಎರಡೇ ಬಿಟ್ ಸಾಕು. ಬಂದದ್ದು ಧನವೋ ಋಣವೋ ಎಂದಷ್ಟೇ ಬರೆದಿಟ್ಟುಕೊಂಡರೂ ನಷ್ಟವಾಗುವುದು ಸುಮಾರು 2 ಡೆಸಿಬೆಲ್. ಬರುತ್ತಿರುವುದರಲ್ಲಿ ಹೆಚ್ಚಿನದೆಲ್ಲ ಗದ್ದಲವೇ ಆದ್ದರಿಂದ ಅದನ್ನು ನಾಜೂಕಾಗಿ ಅಳೆದು ಲಾಭವಿಲ್ಲ.

ಕಷ್ಟದ ಕೆಲಸ ಹುಡುಕಾಟ. ಕೋಡಿನ ಆರಂಭ ಎಲ್ಲಿದೆಯೋ ಗೊತ್ತಿಲ್ಲ, ಅರ್ಧ ಅರ್ಧ ಚಿಪ್ ಸರಿಸುತ್ತ ಹುಡುಕಿದರೆ 2046 ಸಾಧ್ಯತೆಗಳು. ಆವರ್ತನವೂ ಗೊತ್ತಿಲ್ಲ: ಉಪಗ್ರಹದ ಚಲನೆಯಿಂದಲೇ ಆವರ್ತನದ ಏರುಪೇರು, ಅಂದರೆ ಡಾಪ್ಲರ್ ಪಲ್ಲಟ, 5 ಕಿಲೋಹರ್ಟ್ಸ್‌ವರೆಗೆ ಆಚೀಚೆ ಇರುತ್ತದೆ. ರಿಸೀವರ್‌ನ ಗಡಿಯಾರ ನಡೆಸುವ ಸ್ಫಟಿಕ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಇನ್ನೊಂದು 1.6 ಕಿಲೋಹರ್ಟ್ಸ್ ಸೇರಿತು. ಎರಡೂ ಬದಿಗೆ 10 ಕಿಲೋಹರ್ಟ್ಸ್‌ವರೆಗೆ, 500 ಹರ್ಟ್ಸ್ ಹೆಜ್ಜೆಯಲ್ಲಿ ಹುಡುಕಿದರೆ 41 ಹೆಜ್ಜೆ. ಒಂದೊಂದು ಉಪಗ್ರಹಕ್ಕೂ ಸುಮಾರು 84,000 ಕೋಣೆಗಳು. ಹಳೆಯ ರಿಸೀವರ್‌ಗಳು ಒಂದಾದ ಮೇಲೊಂದು ತಡಕುತ್ತ ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದದ್ದು ಇದಕ್ಕೇ. ಈಗ ಫೂರಿಯೆ ರೂಪಾಂತರ ಎಂಬ ಗಣಿತ ವಿಧಾನ ಬಳಸಿ ಒಂದು ಆವರ್ತನದ ಎಲ್ಲ 2046 ಸ್ಥಾನಗಳನ್ನೂ ಒಂದೇ ಏಟಿಗೆ ತಾಳೆ ನೋಡುತ್ತಾರೆ. ಸ್ಫಟಿಕ ಅಗ್ಗದ್ದಾಗಿ ಹತ್ತು ಪಾಲು ತಪ್ಪುವಂಥದ್ದಾದರೆ ಹುಡುಕುವ ವಲಯ 16 ಕಿಲೋಹರ್ಟ್ಸ್‌ನಷ್ಟು ಆಚೀಚೆ ಹಿಗ್ಗುತ್ತದೆ. ತಾಪಮಾನ ಸರಿದೂಗಿಸುವ ಸ್ಫಟಿಕಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ಯಾವತ್ತೂ ವ್ಯರ್ಥವಲ್ಲ.

ಸಿಕ್ಕ ಮೇಲೆ ಬಿಡದೆ ಹಿಡಿದುಕೊಳ್ಳಬೇಕು. ಅದಕ್ಕೆ ಕೋಡಿನ ಮೂರು ಪ್ರತಿಗಳು: ಒಂದು ಅರ್ಧ ಚಿಪ್ ಮುಂಚೆ, ಒಂದು ಸರಿಯಾಗಿ, ಒಂದು ಅರ್ಧ ಚಿಪ್ ತಡವಾಗಿ. ಮುಂಚಿನದರ ಮತ್ತು ತಡದ್ದರ ಮೊತ್ತ ಸಮವಾಗಿದ್ದರೆ ನಡುವಿನದು ಸರಿಯಾಗಿ ಕೂತಿದೆ ಎಂದರ್ಥ. ಗೋಡೆಗೆ ಬಡಿದು ತಡವಾಗಿ ಬರುವ ಪ್ರತಿಫಲನ ಈ ಸಮತೋಲವನ್ನು ಕೆಡಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ನಕ್ಷೆಯ ಚುಕ್ಕಿ ಪಕ್ಕದ ರಸ್ತೆಗೆ ನೆಗೆಯಲು ಕಾರಣ ಬಹುಮಟ್ಟಿಗೆ ಇದೇ. ಸಂಕೇತ ಬಲಗಡೆಗೆ ಸುತ್ತುವ ಧ್ರುವೀಕರಣ ಹೊಂದಿರುತ್ತದೆ, ಪ್ರತಿಫಲಿಸಿದಾಗ ಎಡಕ್ಕೆ ತಿರುಗುತ್ತದೆ. ಒಳ್ಳೆಯ ಆಂಟೆನಾ ಅದನ್ನು ತಿರಸ್ಕರಿಸುತ್ತದೆ, ಫೋನಿನ ಸರಳ ಆಂಟೆನಾಗೆ ಆ ವಿವೇಚನೆ ಇಲ್ಲ. ಸಿ/ಎ ಕೋಡಿನ ಒಂದು ಚಿಪ್ ಎಂದರೆ 293 ಮೀಟರ್. ಅದರ ನೂರರಲ್ಲೊಂದು ಪಾಲನ್ನು ಅಳೆದರೂ 3 ಮೀಟರ್ ತಪ್ಪು. ಜಿಪಿಎಸ್ ಎಲ್5ರ ಚಿಪ್ ಹತ್ತು ಪಟ್ಟು ಗಿಡ್ಡ, 29.3 ಮೀಟರ್. ಪ್ರತಿಫಲನವನ್ನು ಬೇರ್ಪಡಿಸುವುದರಲ್ಲಿ ಅದು ಸಹಜವಾಗಿಯೇ ಮೇಲು.

ಮಾಹಿತಿಯ ವಿಷಯ. 300 ಬಿಟ್‌ಗಳ ಒಂದು ಉಪಚೌಕಟ್ಟಿಗೆ 6 ಸೆಕೆಂಡ್, ಐದು ಸೇರಿದರೆ 30 ಸೆಕೆಂಡ್. ಪ್ರತಿಯೊಂದೂ 10001011 ಎಂಬ ಎಂಟು ಬಿಟ್‌ಗಳಿಂದ ಆರಂಭ. ಮೊದಲನೆಯದರಲ್ಲಿ ಗಡಿಯಾರದ ತಿದ್ದುಪಡಿ, ಎರಡು ಮತ್ತು ಮೂರನೆಯದರಲ್ಲಿ ಆ ಉಪಗ್ರಹದ ಕಕ್ಷೆಯ ವಿವರ, ನಾಲ್ಕು–ಐದರಲ್ಲಿ ಎಲ್ಲ ಉಪಗ್ರಹಗಳ ಒರಟು ಪಂಚಾಂಗ ತುಂಡುತುಂಡಾಗಿ ಬರುತ್ತದೆ. ಅದು ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ದಿನಗಟ್ಟಲೆ ಆಫ್ ಆಗಿದ್ದ ಉಪಕರಣ, ಎಷ್ಟೇ ಒಳ್ಳೆಯದಾದರೂ, ಅರ್ಧ ನಿಮಿಷದಷ್ಟು ಕಾಯಲೇಬೇಕಾದದ್ದು ಇದಕ್ಕಾಗಿ. ಓಡುವ ವಾಹನದಲ್ಲಿ ಮರದ ನೆರಳು ಬಿದ್ದು ಒಂದು ಪದದ (ಬಿಟ್‌ಗಳ ಗುಂಪಿನ) ಪ್ಯಾರಿಟಿ, ಅಂದರೆ ತಪ್ಪು ಪತ್ತೆಹಚ್ಚುವ ಬಿಟ್‌ಗಳ ತಾಳೆ, ಕೆಟ್ಟರೆ, ಆ ತುಂಡಿಗಾಗಿ ಇನ್ನೂ 30 ಸೆಕೆಂಡ್ ಕಾಯಬೇಕು. ಮೊದಲ ಸಲ ಆನ್ ಮಾಡಿದಾಗ ತೆರೆದ ಬಾನಿನ ಕೆಳಗೆ ಒಂದು ನಿಮಿಷ ಅಲುಗಾಡದೆ ನಿಲ್ಲಿಸುವುದು ಒಳ್ಳೆಯ ಅಭ್ಯಾಸ. ಫೋನುಗಳು ಬೇಗ ಸ್ಥಾನ ಹೇಳುವುದು ಕಕ್ಷೆಯ ವಿವರವನ್ನೂ ಅಂದಾಜು ಸಮಯವನ್ನೂ ಮೊಬೈಲ್ ಜಾಲದಿಂದ ಪಡೆದುಕೊಂಡು. ಡೇಟಾ ಇಲ್ಲದಿದ್ದರೆ ಜಿಪಿಎಸ್ ನಿಧಾನ, ಆದರೆ ನಿಂತುಹೋಗುವುದಿಲ್ಲ.

ವಾರದ ಸಂಖ್ಯೆಗೆ ಹಳೆಯ ಸಂದೇಶದಲ್ಲಿ ಹತ್ತೇ ಬಿಟ್. 1980ರ ಜನವರಿ 6ರಿಂದ ಎಣಿಸುತ್ತ 1024 ವಾರಕ್ಕೊಮ್ಮೆ ಅದು ಸೊನ್ನೆಗೆ ಮರಳುತ್ತದೆ. 1999ರ ಆಗಸ್ಟ್ ಮತ್ತು 2019ರ ಏಪ್ರಿಲ್‌ನಲ್ಲಿ ಹಾಗಾಗಿದೆ, ಮುಂದಿನದು 2038ರ ನವೆಂಬರ್. ಹಳೆಯ ಉಪಕರಣವೊಂದು ಸ್ಥಾನ ಸರಿಯಾಗಿ ತೋರಿಸುತ್ತ ದಿನಾಂಕ ಮಾತ್ರ ಇಪ್ಪತ್ತು ವರ್ಷದಷ್ಟು ಹಿಂದಿನದನ್ನು ತೋರಿಸಿದರೆ ಕಾರಣ ಇದು. ಅದಕ್ಕೆ ತಯಾರಕರ ತಂತ್ರಾಂಶ ತಿದ್ದುಪಡಿಯೇ ಮದ್ದು.

ಸ್ಥಾನಕ್ಕೆ ಮೂರು ಅಳತೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ರಿಸೀವರ್‌ನ ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪೇ ನಾಲ್ಕನೆಯ ಅಜ್ಞಾತ, ಆದ್ದರಿಂದ ನಾಲ್ಕು ಉಪಗ್ರಹ. ಉಪಗ್ರಹದ ಗಡಿಯಾರಕ್ಕೂ ಸಾಪೇಕ್ಷತೆಯ ಲೆಕ್ಕ ತಪ್ಪದು. ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅದು ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡ್ ಮುಂದೋಡುತ್ತದೆ, ವೇಗದಿಂದಾಗಿ 7 ಹಿಂದುಳಿಯುತ್ತದೆ. ಉಳಿದ 38ನ್ನು ಸರಿದೂಗಿಸಲು, ಉಡಾವಣೆಗೆ ಮುನ್ನವೇ ಅದನ್ನು 10.23ರ ಬದಲು 10.22999999543 ಮೆಗಾಹರ್ಟ್ಸ್‌ಗೆ ಹೊಂದಿಸಿರುತ್ತಾರೆ.

ದಾರಿಯಲ್ಲಿ ಕಾಡುವುದು ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರ. ಅಲ್ಲಿನ ಎಲೆಕ್ಟ್ರಾನ್‌ಗಳು ಕೋಡನ್ನು ಮೀಟರುಗಟ್ಟಲೆ ತಡಮಾಡುತ್ತವೆ. ತಡ ಆವರ್ತನದ ವರ್ಗಕ್ಕೆ ವಿಲೋಮ: ಎಲ್1ನಲ್ಲಿ 16 ಸೆಂಟಿಮೀಟರ್ ತಡವಾದರೆ ಎಲ್5ನಲ್ಲಿ 29. ಎರಡನ್ನೂ ಅಳೆಯುವ ರಿಸೀವರ್ ಈ ವ್ಯತ್ಯಾಸದಿಂದಲೇ ತಡವನ್ನು ಲೆಕ್ಕಹಾಕಿ ಕಳೆಯುತ್ತದೆ. ಒಂದೇ ಆವರ್ತನದ ರಿಸೀವರ್ ಉಪಗ್ರಹ ಕಳುಹಿಸುವ ಎಂಟು ಗುಣಾಂಕಗಳ ಮಾದರಿಯನ್ನು ನಂಬಬೇಕು, ಅದು ತೆಗೆಯುವುದು ಸರಿಸುಮಾರು ಅರ್ಧ ತಪ್ಪನ್ನು. ಎರಡು ಆವರ್ತನಗಳ ಲೆಕ್ಕಕ್ಕೂ ಬೆಲೆಯಿದೆ: ಅಳತೆಯ ಗದ್ದಲ ಎರಡೂವರೆ ಪಟ್ಟು ಹೆಚ್ಚುತ್ತದೆ.

ಭಾರತದ ಪಥದರ್ಶಕ ವ್ಯವಸ್ಥೆ ನಾವಿಕ್ ಬಗ್ಗೆ ಒಂದು ಗೊಂದಲವನ್ನೂ ಬಿಡಿಸಬೇಕು. ಅದರ ಮೊದಲ ಪೀಳಿಗೆಯ ಉಪಗ್ರಹಗಳು ಎಲ್5 ಮತ್ತು 2492.028 ಮೆಗಾಹರ್ಟ್ಸ್‌ನ ಎಸ್ ಬ್ಯಾಂಡ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತವೆ. ಆಂಟೆನಾ ಮತ್ತು ಫಿಲ್ಟರ್ ಎಲ್1ಗೆ ಮಾತ್ರ ಇರುವ ಫೋನು ಇವನ್ನು ಕೇಳಲಾರದು, ಯಾವ ತಂತ್ರಾಂಶ ಅಪ್‌ಡೇಟ್ ಬಂದರೂ ಅಷ್ಟೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಂಕೇತವೂ ಸೇರಿತು. ಎಲ್5 ಆವರ್ತನ ಒಂದೇ ಆದರೂ ನಾವಿಕ್‌ನ ಸಾರ್ವಜನಿಕ ಕೋಡು ಜಿಪಿಎಸ್ ಎಲ್5ರದ್ದಲ್ಲ. ಅದು 1023 ಚಿಪ್‌ಗಳ ಗೋಲ್ಡ್ ಕೋಡು. ಮಾಹಿತಿಯನ್ನು ಮಾತ್ರ ಹೆಚ್ಚು ಜೋಪಾನವಾಗಿ ಕಳುಹಿಸುತ್ತಾರೆ: ಪ್ರತಿ ಬಿಟ್‌ಗೆ ಎರಡು ಸಂಜ್ಞೆಗಳಂತೆ ತಪ್ಪು ತಿದ್ದುವ ಸಂಕೇತೀಕರಣ ಮಾಡಿ, ಅವುಗಳ ಕ್ರಮವನ್ನು ಕಲಸಿ. ನಡುವೆ ಕೆಲವು ಸಂಜ್ಞೆ ಕೆಟ್ಟರೂ ಸಂದೇಶ ಉಳಿಯುತ್ತದೆ. 12 ಸೆಕೆಂಡಿನ ನಾಲ್ಕು ಉಪಚೌಕಟ್ಟು, ಒಟ್ಟು 48 ಸೆಕೆಂಡ್. ಕಕ್ಷೆಯ ವಿವರ ಮೊದಲ ಎರಡರಲ್ಲೇ ಮುಗಿಯುತ್ತದೆ.

ಕೊನೆಯದಾಗಿ, ಸುದ್ದಿಯಲ್ಲಿ ಈಗ ಹೆಚ್ಚು ಕೇಳಿಬರುವ ‘ಜಿಪಿಎಸ್ ಜಾಮಿಂಗ್’ ಮತ್ತು ‘ಸ್ಪೂಫಿಂಗ್’. ಎರಡನ್ನೂ ಒಂದೇ ಅರ್ಥದಲ್ಲಿ ಬರೆಯಬಾರದು. ಜಾಮಿಂಗ್ ಎಂದರೆ ಗದ್ದಲ ಹೆಚ್ಚಿಸಿ ತಾಳೆಯನ್ನು ಮುಳುಗಿಸುವುದು. ಸಂಕೇತ ಅಷ್ಟು ಕ್ಷೀಣವಾದ್ದರಿಂದ ಸಣ್ಣ ಪ್ರೇಷಕವೇ ಸಾಕು. ಆಗ ಎಲ್ಲ ಉಪಗ್ರಹಗಳ ಬಲವೂ ಒಟ್ಟಿಗೆ ಕುಸಿದು ಸ್ಥಾನ ಇಲ್ಲವಾಗುತ್ತದೆ. ಸ್ಪೂಫಿಂಗ್‌ನಲ್ಲಿ ಸ್ಥಾನ ಇರುತ್ತದೆ, ಆದರೆ ಸುಳ್ಳು. ಸಿ/ಎ ಕೋಡು ಬಹಿರಂಗವಾದ್ದರಿಂದ ಯಾರಾದರೂ ತಯಾರಿಸಬಲ್ಲರು. ಸೈನ್ಯದ ಕೋಡು ಗೂಢಲಿಪಿಯಲ್ಲಿರುವುದು ಇದಕ್ಕೇ. ಯುರೋಪಿನ ಪಥದರ್ಶಕ ವ್ಯವಸ್ಥೆ ಗೆಲಿಲಿಯೊ ಸಾರ್ವಜನಿಕ ಸಂದೇಶಕ್ಕೇ ದೃಢೀಕರಣದ ಮುದ್ರೆ ಸೇರಿಸುತ್ತದೆ. ಅದರಿಂದ ಮಾಹಿತಿಯನ್ನು ತಿರುಚುವುದು ಸಿಕ್ಕಿಬೀಳುತ್ತದೆ. ನಿಜವಾದ ಸಂಕೇತವನ್ನೇ ಹಿಡಿದು ತುಸು ತಡಮಾಡಿ ಮರುಪ್ರಸಾರ ಮಾಡಿದರೆ ಮುದ್ರೆಯೊಂದರಿಂದಲೇ ಪತ್ತೆಯಾಗದು.

ಇಂಥ ಘಟನೆ ವರದಿಯಾಗುವಾಗ ನಿಮ್ಮ ವರದಿಗಾರರು ಒಂದು ಅಂಕಿಯನ್ನು ಕೇಳಿ ಬರೆದುಕೊಂಡರೆ ಓದುಗರಿಗೆ ನಿಜಕ್ಕೂ ಉಪಕಾರವಾಗುತ್ತದೆ. ಆಂಡ್ರಾಯ್ಡ್ ಫೋನಿನ ಯಾವುದೇ ಉಪಗ್ರಹ ಆ್ಯಪ್ ಪ್ರತಿ ಉಪಗ್ರಹದ ಬಲವನ್ನು ಗದ್ದಲಕ್ಕೆ ಹೋಲಿಸಿ ಡಿಬಿ-ಹರ್ಟ್ಸ್ ಎಂಬ ಮಾನದಲ್ಲಿ ತೋರಿಸುತ್ತದೆ. ಬಯಲಿನಲ್ಲಿ ತಲೆಯ ಮೇಲಿನ ಉಪಗ್ರಹಕ್ಕೆ 40–45 ಇದ್ದರೆ ಚೆನ್ನ, 30ಕ್ಕಿಂತ ಕೆಳಗಿದ್ದರೆ ಅಡ್ಡಿಯಿದೆ. ದಿಗಂತದ ಬಳಿಯವಕ್ಕೆ ಕಡಿಮೆ, ನೆತ್ತಿಯವಕ್ಕೆ ಹೆಚ್ಚು ಇರುವುದು ಸಹಜ. ಎಲ್ಲವೂ ಒಂದೇ ಮಟ್ಟದಲ್ಲಿದ್ದು, ಫೋನನ್ನು ಕೈಯಿಂದ ಒಂದು ಬದಿ ಮರೆಮಾಡಿದಾಗ ಎಲ್ಲವೂ ಒಟ್ಟಿಗೆ ಏರಿಳಿದರೆ, ಅವು ಬರುತ್ತಿರುವುದು ಒಂದೇ ಆಂಟೆನಾದಿಂದ ಇರಬಹುದೆಂದು ಅನುಮಾನಿಸಬೇಕು.

ಇಂತಿ,
ಉಪಗ್ರಹ ಸಂಚಾರ ಸಂಕೇತಗಳಲ್ಲಿ ಆಸಕ್ತ ಓದುಗರು